ತೊಂಬತ್ತಾರು ಕೆಬಿಪಿಎಸ್‌ನ ಅಪ್ಪ

ಇಸವಿ ಎರಡು ಸಾವಿರ ದಾಟಿದ ಮೇಲಿನ ಮಾತು. ವಿಮಾನ ನಗರದ ಬಾಡಿಗೆ ಫ್ಲ್ಯಾಟಿನಲ್ಲಿ ನಾನೂ ಬೆಂಗಳೂರಿನಿಂದ ಬಂದ ಒಬ್ಬ ಗೆಳೆಯನೂ ಸೇರಿ ಒಂದು ಕಂಪ್ಯೂಟರ್ ಕೊಂಡಿದ್ದೆವು. ಕಂಪ್ಯೂಟರ್ ಇಬ್ಬರದು, ಕಿವಿ ಮಾತ್ರ ತನ್ನೊಬ್ಬನದೇ ಎಂಬುದು ಅವನ ನಂಬಿಕೆ. ಮೊದಲ ಸಂಬಳ ಬಂದಾಗ ಮನೆಗೆ ಪಾತ್ರೆ ತರುವ ಬದಲು ಆತ ದುಬಾರಿ ಹೆಡ್‌ಫೋನ್ ತಂದ. ಅದನ್ನು ನನಗೆ ಮುಟ್ಟಲೂ ಕೊಡುತ್ತಿರಲಿಲ್ಲ. ಒರೆಸಲು ಬೇರೆ ಬಟ್ಟೆ ಇತ್ತು. ನಮ್ಮ ಊಟದ ತಟ್ಟೆಗೂ ಅಂಥ ಮರ್ಯಾದೆ ಇರಲಿಲ್ಲ.

ಊಟಕ್ಕೆ ಕುಳಿತರೂ ಅವನದು ಬಿಟ್‌ರೇಟಿನ ಪ್ರವಚನವೇ. ಒಂದು ಸೆಕೆಂಡಿನ ಸದ್ದನ್ನು ಬರೆದಿಡಲು ಎಷ್ಟು ಮಾಹಿತಿ ಖರ್ಚು ಮಾಡುತ್ತೇವೋ ಅದೇ ಬಿಟ್‌ರೇಟ್, ಅದನ್ನು ಅಳೆಯುವುದು ಕೆಬಿಪಿಎಸ್ ಲೆಕ್ಕದಲ್ಲಿ. ಎಂಪಿ3 ಎನ್ನುವುದು ಜಾಗ ಉಳಿಸಲಿಕ್ಕೆ, ಕಿವಿಗೆ ಅಷ್ಟಾಗಿ ತಿಳಿಯದು ಎನ್ನಿಸಿದ ಸದ್ದನ್ನೆಲ್ಲ ಬಿಸಾಕುತ್ತದೆ. ಬಿಟ್‌ರೇಟ್ ಕಡಿಮೆಯಾದಷ್ಟೂ ಬಿಸಾಕುವುದು ಹೆಚ್ಚು. ವೇವ್ ಫೈಲು ಹಾಗೆ ಬಿಸಾಕುವುದಿಲ್ಲ, ಅದಕ್ಕೇ ಅಷ್ಟು ದಪ್ಪ. ಇಷ್ಟು ಹೇಳಿ ಮುಗಿಸಲು ಎರಡು ಚಪಾತಿ ತಿನ್ನುವಷ್ಟು ಹೊತ್ತು ಸಾಕು. ಆದರೆ ಆತ ದಿನಾ ಹೇಳುತ್ತಿದ್ದ.

ಹಾರ್ಡ್ ಡಿಸ್ಕ್ ತುಂಬಿದ ದಿನ ತೀರ್ಪು ಬಂತು. "ಗುರೂ, ನೂರಿಪ್ಪತ್ತೆಂಟಕ್ಕಿಂತ ಕಮ್ಮಿ ಇರೋದೆಲ್ಲ ನಾಳೆ ಡಿಲೀಟ್ ಮಾಡ್ತೀನಿ. ಕೇಳಿದ್ರೆ ಕಿವಿ ಹಾಳಾಗುತ್ತೆ."

ಹಾಗೆ ಸಾಯಬೇಕಾದವರಲ್ಲಿ ನಮ್ಮಪ್ಪನೂ ಇದ್ದ. ಅದೇ ಶಹರದ ಇನ್ನೊಂದು ತುದಿಯಲ್ಲಿದ್ದ ನಿಗಡಿಯ ಮನೆಯಲ್ಲಿ ಆತ ಹಾಡಿದ ಒಂದೇ ಒಂದು ಹಾಡು, ತೊಂಬತ್ತಾರು ಕೆಬಿಪಿಎಸ್. ಅಪ್ಪ ಕಾರ್ಖಾನೆಯಲ್ಲಿ ಲೇಥ್ ಮಷೀನು ನಡೆಸುತ್ತಿದ್ದ, ರಜೆಯ ದಿನ ಬಿಜಾಪುರದ ಕಡೆಯ ಬಯಲಾಟದ ರಾಜನಾಗುತ್ತಿದ್ದ. ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾದ ಗಂಟಲು, ತಗ್ಗಿಸಲು ಬಾರದು. ಇಂಪಾಗಿತ್ತು ಎಂದರೆ ದೇವರು ಮೆಚ್ಚಲಿಕ್ಕಿಲ್ಲ. ಅವ್ವ ಇದ್ದಾಗ ಟೇಪ್ ರೆಕಾರ್ಡರ್ ಮುಂದೆ ಕೂತು ತನ್ನ ಹಾಡನ್ನು ತಾನೇ ರೆಕಾರ್ಡ್ ಮಾಡಿಕೊಂಡಿದ್ದ. ಅಂಗಡಿಯವನೊಬ್ಬ ಅದನ್ನು ಎಂಪಿ3 ಮಾಡಿ ಸಿಡಿಗೆ ಇಳಿಸಿಕೊಟ್ಟ. ಆಮೇಲೆ ಕ್ಯಾಸೆಟ್ಟಿನ ರೀಲು ಟೇಪಿನ ಹೊಟ್ಟೆ ಸೇರಿತು, ಸಿಡಿ ಗೀರುಬಿದ್ದು ಕೆಟ್ಟಿತು. ಅವ್ವ ತೀರಿಕೊಂಡಳು, ಅಪ್ಪ ಹಾಡುವುದನ್ನೇ ಬಿಟ್ಟ. ಉಳಿದದ್ದು ಕಂಪ್ಯೂಟರಿನಲ್ಲಿದ್ದ ಆ ಫೈಲು ಒಂದೇ.

ಗೆಳೆಯನ ಮುಂದೆ ಬೇಡಿಕೊಳ್ಳಲು ನನ್ನ ಸೊಕ್ಕು ಬಿಡಲಿಲ್ಲ. ಆತ ಸ್ನಾನಕ್ಕೆ ಹೋದಾಗ ನನ್ನ ಒಂದಿಷ್ಟು ಸಿನಿಮಾ ಹಾಡುಗಳನ್ನು ಬಲಿಕೊಟ್ಟು ಜಾಗ ಮಾಡಿದೆ, ಅಪ್ಪನ ಹಾಡನ್ನು ವೇವ್ ಆಗಿ ಬದಲಿಸಿ ಅವನ ಫೋಲ್ಡರಿನಲ್ಲೇ ಇಟ್ಟೆ. ಲೋಟದ ಚಹಾವನ್ನು ಕೊಡಕ್ಕೆ ಸುರಿದರೆ ಚಹಾ ಹೆಚ್ಚಾಗುತ್ತದೆಯೇ? ಒಮ್ಮೆ ಬಿಸಾಕಿದ ಸದ್ದು ವಾಪಸ್ ಬರುವುದಿಲ್ಲ, ಫೈಲಿಗೆ ಬೊಜ್ಜು ಬರುತ್ತದೆ ಅಷ್ಟೇ. ನನಗೆ ಬೇಕಾದದ್ದೂ ಬೊಜ್ಜೇ.

ಸಂಜೆ ಆತ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದ. "ಅಬ್ಬಾ, ಏನ್ ಡೆಪ್ತ್ ಗುರೂ! ಯಾವ್ದೋ ಹಳೇ ಜಾನಪದ ರೆಕಾರ್ಡಿಂಗು. ನೋಡು, ವೇವ್ ಅಂದ್ರೆ ಇದು." ನನಗೆ ಎದ್ದು ಕುಣಿಯುವಷ್ಟು ಖುಷಿ. ನಿಜ ಹೇಳಿ ಅವನ ಮುಖ ನೋಡಬೇಕು ಎನ್ನುವಷ್ಟರಲ್ಲಿ ಆತ ಹುಬ್ಬು ಗಂಟಿಕ್ಕಿದ. "ಆದ್ರೆ ಮಧ್ಯದಲ್ಲಿ ಯಾರೋ ಹೆಂಗಸು ಮಾತಾಡ್ತಾರಲ್ಲ, ಎಡಿಟ್ ಮಾಡಿಲ್ವಾ?"

ಹೆಂಗಸು? ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದ ಸ್ಪೀಕರಿನಲ್ಲಿ, ಫ್ಯಾನಿನ ಗುರುಗುಟ್ಟುವಿಕೆಯ ನಡುವೆ, ನಾನು ಆ ಹಾಡನ್ನು ಎಷ್ಟೋ ಸಲ ಕೇಳಿದ್ದೆ. ಯಾವ ಹೆಂಗಸೂ ಇರಲಿಲ್ಲ. ಹೆಡ್‌ಫೋನ್ ಕಿತ್ತುಕೊಂಡು ಹಾಕಿಕೊಂಡೆ. ಅಪ್ಪ ಯಾರನ್ನೋ ಯುದ್ಧಕ್ಕೆ ಕರೆಯುತ್ತಿದ್ದ. ಉಸಿರು ಎಳೆದುಕೊಳ್ಳಲು ನಿಂತ ಜಾಗದಲ್ಲಿ, ದೂರದ ಅಡುಗೆಮನೆಯಿಂದ, "ಸಾಕ್ ಮಾಡ್ರೀ, ರೊಟ್ಟಿ ಆರಾಕತ್ತಾವ" ಎಂದು ಒಂದು ದನಿ ಬಂತು.

ಅವ್ವ. ಆ ಬಡಪಾಯಿ ತೊಂಬತ್ತಾರು ಆಕೆಯನ್ನು ಬಿಸಾಕಿರಲಿಲ್ಲ, ಆಕೆಯ ಬಾಯಿ ಮುಚ್ಚಿಸಿದ್ದು ನನ್ನ ಡಬ್ಬಾ ಸ್ಪೀಕರು. ಗೆಳೆಯನ ಎದುರಿಗೇ ಅತ್ತುಬಿಟ್ಟೆ. "ನಮ್ಮಪ್ಪನ ಹಾಡೋ ಅದು. ಆಕಿ ನಮ್ಮವ್ವ" ಎಂದೆ. ಬೊಜ್ಜಿನ ಬಣ್ಣವನ್ನೂ ನಾನೇ ಬಯಲು ಮಾಡಿದೆ. ಆತ ಬೈಯಲಿಲ್ಲ. ಹೆಡ್‌ಫೋನನ್ನು ಅದರ ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಭಾನುವಾರ ಊರಿಗ್ ತಗೊಂಡ್ ಹೋಗು, ನಿಮ್ಮಪ್ಪನಿಗೆ ಕೇಳಿಸು. ವೈರ್ ಮಾತ್ರ ಎಳೀಬೇಡ" ಎಂದ. ನಿಗಡಿಯನ್ನು ಊರು ಎಂದದ್ದಕ್ಕೂ ನಾನು ಜಗಳ ತೆಗೆಯಲಿಲ್ಲ.

ಹಾಡನ್ನು ಹೊಸ ಸಿಡಿಗೆ ಇಳಿಸಿಕೊಂಡು ಹೋದೆ. ಅಪ್ಪ ಮಂಚದ ಮೇಲೆ ಕೂತಿದ್ದ. ಮನೆಯ ಸಿಡಿ ಪ್ಲೇಯರಿಗೆ ಹಾಕಿ, ಹೆಡ್‌ಫೋನನ್ನು ಅವನ ಟೋಪಿಯ ಮೇಲೆಯೇ ಏರಿಸಿದೆ. ಮೊದಮೊದಲು ತನ್ನ ದನಿಗೆ ತಾನೇ ತಲೆದೂಗಿದ, ಸ್ವಲ್ಪವೂ ನಾಚಿಕೆಯಿಲ್ಲದೆ. ಆ ಜಾಗ ಬಂದಾಗ ತಲೆ ನಿಂತಿತು. ಅಡುಗೆಮನೆಯ ಕಡೆ ತಿರುಗಿ, ಮಷೀನಿನ ಮೇಲೆ ಕೂಗುವ ಅದೇ ಗಂಟಲಲ್ಲಿ, "ಬಂದ್ನಿ ತಡಿ" ಎಂದ.