ಮಾತ್ರೆಗಿಲ್ಲದ ಮಡಿ ಗಂಜಿಗೆ

ಇನ್ನೊಬ್ಬರ ಪಿತೃಗಳು ತೃಪ್ತರಾಗಲೆಂದು ಹಸಿದವಳು ನನ್ನ ಚಿಕ್ಕಮ್ಮ. ಆ ಹಸಿವಿನ ಫಲ ಉಂಡವಳೂ ಅವಳೊಬ್ಬಳೇ. ತಿಥಿ ಮಾಡಿಸಿದ ಮನೆಯವರಿಗೆ ಏನೂ ಆಗಲಿಲ್ಲ. ತಡವಾಗಿ ಬಂದ ಪುರೋಹಿತರಿಗೂ ಏನೂ ಆಗಲಿಲ್ಲ. ಅವಳಿಗೆ ಮಾತ್ರ ತನ್ನ ಹೆಸರು ಮರೆತುಹೋಯಿತು.

ಈಗ ದಿನವೂ ಬೆಳಿಗ್ಗೆ ನಾನು ಅವಳಿಗೆ ರಾಗಿ ಗಂಜಿ ತಿನ್ನಿಸುತ್ತೇನೆ. ಹುರಿದ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಹೊಯ್ದು, ಕೈ ಬಿಡದೆ ತಿರುವಿ, ಮಂದವಾಗುತ್ತಲೇ ಇಳಿಸಿ, ಉಪ್ಪು ಹಾಕಿ, ಸ್ವಲ್ಪ ಆರಿದ ಮೇಲೆ ಮಜ್ಜಿಗೆ ಬೆರೆಸುವುದು. ಇದನ್ನು ನನಗೆ ಕಲಿಸಿದವಳು ಅವಳೇ. ಈಗ ಚಮಚ ತುಟಿಗೆ ತಾಗಿದರೆ ಬಾಯಿ ತೆರೆಯುತ್ತಾಳೆ, ಕೆಲವೊಮ್ಮೆ ತೆರೆದ ಬಾಯನ್ನು ಮುಚ್ಚುವುದನ್ನು ಮರೆಯುತ್ತಾಳೆ. ನಾನು ಗಲ್ಲ ಒರೆಸುತ್ತೇನೆ. ಅವಳು ನನ್ನನ್ನು ನೋಡುತ್ತಾಳೆ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರನ್ನು ನೋಡುವಂತೆ, ಮರ್ಯಾದೆಯಿಂದ.

ಕಾಲೇಜು ಓದಲೆಂದು ನಾನು ಶಿರಸಿಗೆ ಬಂದಾಗ ಉಳಿದುಕೊಂಡದ್ದು ಅವಳ ಬಾಡಿಗೆ ಮನೆಯಲ್ಲಿ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಓಣಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಮ್ಮನ ತಂಗಿಯಾದ ಆಕೆ ಗಂಡ ಬೇಗ ತೀರಿಕೊಂಡ ಮೇಲೆ ಅಡುಗೆಯನ್ನೇ ವೃತ್ತಿ ಮಾಡಿಕೊಂಡಿದ್ದಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ತಿಥಿಯ ಅಡುಗೆಗೆ ಹೋಗುತ್ತಿದ್ದಳು. ಇಲ್ಲಿಯೇ ಮೊದಲ ಅನ್ಯಾಯವನ್ನು ಹೇಳಿಬಿಡಬೇಕು: ಅದೇ ಮನೆಗಳ ಮದುವೆಗೆ, ಮುಂಜಿಗೆ ಅವಳಿಗೆ ಕರೆ ಇರಲಿಲ್ಲ. ಗಂಡ ಸತ್ತವಳ ನೆರಳು ಮಂಗಳಕಾರ್ಯಕ್ಕೆ ಬೇಡ, ಸತ್ತವರಿಗೆ ಬಡಿಸಲು ಅವಳ ಕೈಯೇ ಬೇಕು.

ಅವಳ ಅಡುಗೆಮನೆಯ ಗೂಡಿನಲ್ಲಿ ತಗಡಿನ ಡಬ್ಬಿಗಳ ಸಾಲು. ಒಂದರಲ್ಲಿ ರಾಗಿ ಹಿಟ್ಟು. ಇನ್ನೊಂದರಲ್ಲಿ ತುಸು ತುಪ್ಪದಲ್ಲಿ ಹುರಿದಿಟ್ಟ ಗೋದಿ ನುಚ್ಚು. ಮತ್ತೊಂದರಲ್ಲಿ ಅಕ್ಕಿ ನುಚ್ಚಿಗೆ ಹೆಸರುಬೇಳೆ, ಜೀರಿಗೆ ಬೆರೆಸಿದ್ದು. ಪಕ್ಕದ ಮನೆಯಲ್ಲಿದ್ದ ಬನವಾಸಿ ಕಡೆಯ ಹೆಂಗಸು ತವರಿನಿಂದ ಬಂದಾಗೆಲ್ಲ ಕೊಡುತ್ತಿದ್ದ ಜೋಳದ ನುಚ್ಚಿಗೂ ಒಂದು ಡಬ್ಬಿ. ಹುರಿಯುವ, ಒಡೆಯುವ ಕೆಲಸ ಬಿಡುವಿನ ದಿನ ಮುಗಿದಿರುತ್ತಿತ್ತು. ಹಾಗಾಗಿ ನಾನು ಜಡೆ ಹೆಣೆದುಕೊಳ್ಳುವಷ್ಟರಲ್ಲಿ ಬಿಸಿ ಗಂಜಿ ಬಟ್ಟಲಲ್ಲಿರುತ್ತಿತ್ತು. ಒಂದು ದಿನ ಬೆಲ್ಲ-ಹಾಲು, ಒಂದು ದಿನ ಮಜ್ಜಿಗೆ-ಉಪ್ಪು, ಮಳೆ ಜೋರಿದ್ದರೆ ಶುಂಠಿ ಜಜ್ಜಿ ಹಾಕಿದ ಗೋದಿ ನುಚ್ಚು, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ರಸ.

“ಕೂಸೇ, ಬಸ್ಸೂ ನಿನ್ನ ಕಾಯ್ತಿಲ್ಲೆ, ಗಂಜಿನೂ ಕಾಯ್ತಿಲ್ಲೆ. ಆರೋದ್ರೊಳಗೆ ಕುಡಿ.”

ನಾನು ಬೇಡವೆಂದರೆ ಅವಳಿಗೆ ನಗು. “ಲೋಕ ತಿದ್ದಲೆ ಹೊರಟವಳು ನೀನು. ಖಾಲಿ ಹೊಟ್ಟೆ ಇಟ್ಕಂಡು ಎಂತ ತಿದ್ದತೆ?”

ಲೋಕ ತಿದ್ದುವ ಹುಚ್ಚು ನನಗೆ ಶಾಲೆಯಲ್ಲಿಯೇ ಹತ್ತಿತ್ತು. ನಾನು ಓದಿದ್ದು ಪರೀಕ್ಷೆಗಿಂತ ಪ್ರಶ್ನೆಯನ್ನು ದೊಡ್ಡದೆಂದು ಬಗೆದ ಶಾಲೆ. ಅಲ್ಲಿ ಮಕ್ಕಳೇ ಸರದಿಯ ಮೇಲೆ ಅಡುಗೆ ಮಾಡಬೇಕಿತ್ತು, ಆ ದಿನ ಅಡುಗೆ ಮಾಡಿದವರು ಮೊದಲು ಉಣ್ಣಬೇಕಿತ್ತು. ಒಲೆಯ ಮುಂದೆ ನಿಂತವರ ಹಸಿವು ಎಲ್ಲರಿಗಿಂತ ದೊಡ್ಡದು ಎಂದು ಗುರುಗಳು ಹೇಳುತ್ತಿದ್ದರು. ಇದನ್ನು ಹೇಳಿದಾಗ ಚಿಕ್ಕಮ್ಮ ಬೆರಗಾದಳು. “ಮೊದಲೇ ಉಂಡ್ರೆ ಬಡಿಸಲೆ ಮನಸು ಬತ್ತನೇ?” ಎಂದು ಕೇಳಿದಳು. ಅದು ತಮಾಷೆಯಲ್ಲ. ತಾನು ಮೊದಲು ಉಣ್ಣುವುದು ಹೇಗಿರುತ್ತದೆಂದು ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ.

ತಿಥಿಯ ಅಡುಗೆಯ ನಿಯಮ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅಡುಗೆಯವಳು ಬೆಳಿಗ್ಗೆ ಮಿಂದು, ಯಾರೂ ಮುಟ್ಟದ ಮಡಿಬಟ್ಟೆ ಉಟ್ಟು ಒಲೆಯ ಮುಂದೆ ಕೂರಬೇಕು. ಹೋಮ, ಪಿಂಡ, ಬ್ರಾಹ್ಮಣರ ಊಟ, ಮನೆಯವರ ಊಟ ಎಲ್ಲ ಮುಗಿದ ಮೇಲೆ ಅವಳ ಎಲೆ. ಅಲ್ಲಿಯವರೆಗೆ ನೀರಿನಲ್ಲಿ ಬೆಂದ ಧಾನ್ಯವನ್ನು ಅವಳು ಬಾಯಿಗಿಡುವಂತಿಲ್ಲ, ಅದು ಮುಸುರೆ. ಮುಸುರೆ ತಿಂದರೆ ಮಡಿ ಕೆಟ್ಟಿತು, ಮಡಿ ಕೆಟ್ಟರೆ ಅಡುಗೆ ಕೆಟ್ಟಿತು, ಅಡುಗೆ ಕೆಟ್ಟರೆ ಮೂರು ತಲೆಮಾರು ಉಪವಾಸ. ಹೀಗೆ ಮೂರು ತಲೆಮಾರಿನ ಸತ್ತವರ ಹೊಟ್ಟೆಯ ಭಾರವನ್ನು ಬದುಕಿರುವ ಒಬ್ಬ ಹೆಂಗಸಿನ ಖಾಲಿ ಹೊಟ್ಟೆಯ ಮೇಲೆ ಹೊರಿಸಲಾಗಿದೆ.

ನಾನು ಅವಳ ಮನೆಯಲ್ಲೇ ಇದ್ದುಕೊಂಡು ಯಲ್ಲಾಪುರದ ಕಡೆ ಹೆಂಗಸರ ಆರೋಗ್ಯದ ಕೆಲಸಕ್ಕೆ ಸೇರಿಕೊಂಡ ಮೇಲೆ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ವೈದ್ಯರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ಮೇಲೆ ತಡಮಾಡದೆ ತಿಂಡಿ ತಿನ್ನಲೇಬೇಕು, ತಿನ್ನದಿದ್ದರೆ ಸಕ್ಕರೆ ಪೂರಾ ಇಳಿದು ಅಪಾಯ ಎಂದು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ಮನೆಯಲ್ಲಿದ್ದ ದಿನ ತೊಂದರೆಯಿರಲಿಲ್ಲ. ಮಾತ್ರೆ, ಅದರ ಬೆನ್ನಿಗೇ ಗಂಜಿ. ಒಂದು ಬೆಳಿಗ್ಗೆ ಗ್ಯಾಸ್ ಮುಗಿದು ಗಂಜಿ ತಡವಾದಾಗ ಅವಳ ಕೈ ನಡುಗಿತು, ಹಣೆಯಲ್ಲಿ ತಣ್ಣನೆಯ ಬೆವರು ಮೂಡಿತು. ಪಕ್ಕದ ಮನೆಯ ಬನವಾಸಿ ಹೆಂಗಸು ಬೆಲ್ಲದ ನೀರು ಕುಡಿಸಿ, ತನ್ನ ಒಲೆಯ ಮೇಲಿದ್ದ ಜೋಳದ ನುಚ್ಚಿಗೆ ಹಾಲು ಸುರಿದು ತಂದುಕೊಟ್ಟಳು. ತಿಂದ ಮೇಲೆ ಚಿಕ್ಕಮ್ಮನ ಮುಖಕ್ಕೆ ಕಳೆ ಬಂತು.

“ತಿಥಿ ಮನಿಗೆ ಹೋದಾಗ ಏನ್ ಮಾಡ್ತೀರಿ?” ಎಂದು ಆಕೆ ಕೇಳಿದಳು.

“ಮಾತ್ರೆ ಅಷ್ಟೇ ತಗತ್ತಿ. ಗಂಜಿ ಮುಸುರೆ ಅಲ್ದಾ?” ಎಂದಳು ಚಿಕ್ಕಮ್ಮ.

“ಚಲೋ ಆತು ನೋಡ್ರಿ! ಮಾತ್ರಿಗೆ ಮಡಿ ಇಲ್ಲ, ಗಂಜಿಗಷ್ಟ ಐತಿ! ನಿಮ್ಮ ದೇವ್ರು ಔಷಧದಂಗಡಿ ಇಟ್ಟಾನೇನ್ರಿ?”

ಚಿಕ್ಕಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಪುರೋಹಿತರ ಮನೆಗೆ ಹೋದೆ. ಚಿಕ್ಕಮ್ಮ ಅಡುಗೆಗೆ ಹೋಗುತ್ತಿದ್ದ ಬಹುತೇಕ ಮನೆಗಳಿಗೆ ಅವರೇ ಪೌರೋಹಿತ್ಯಕ್ಕೆ ಹೋಗುವವರು. ಅವರು ಕೆಟ್ಟವರಲ್ಲ. ಚಾವಡಿಯಲ್ಲಿ ಕೂರಿಸಿ, ಆಸರಿಗೆ ಕುಡಿಯಲು ಏನು ಬೇಕೆಂದು ಕೇಳಿ, ಕಷಾಯ ತರಿಸಿ, ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

“ಹಾಲು ಕುಡಿಲಕ್ಕು ತಂಗೀ, ಬಾಳೆಹಣ್ಣು ತಿನ್ನಲಕ್ಕು. ಬೇಯಿಸಿದ್ದು ಮಾತ್ರ ಬೇಡ.”

“ಮಾತ್ರೆ?”

“ಅದು ಔಷಧ. ಅದಕ್ಕೆಂತ ದೋಷ?”

“ಚಿಕ್ಕಮ್ಮಂಗೆ ಗಂಜಿನೂ ಔಷಧನೇ.”

“ಹಂಗೆ ಹೇಳ್ತಾ ಹೋದ್ರೆ ನಾಳೆ ದೋಸೆನೂ ಔಷಧ ಆಗ್ತು ಮಾರಾಯ್ತಿ!” ಎಂದು ಅವರು ಮನಸಾರೆ ನಕ್ಕರು.

ಹಾಲಿಗೆ ಅನುಮತಿ ಸಿಕ್ಕಿತು. ಆದರೆ ಹಾಲನ್ನು ಕೊಡುವವರು ಯಾರು ಎಂಬುದನ್ನು ಯಾರೂ ಹೇಳಲಿಲ್ಲ. ಪರರ ಮನೆಯ ಅಡುಗೆಮನೆಯಲ್ಲಿ, ಪಾಯಸಕ್ಕೆಂದು ತಂದಿಟ್ಟ ಹಾಲಿನ ಮುಂದೆ ಕುಳಿತು, ನನಗೊಂದು ಲೋಟ ಕೊಡಿ ಎಂದು ಕೇಳಬೇಕಾದವಳು ಅವಳೇ. ಚಿಕ್ಕಮ್ಮ ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ. “ಕೇಳಿದ್ರೆ ಮುಂದಿನ ವರ್ಷ ಬೇರೆಯವರನ್ನ ಕರೀತೊ” ಎನ್ನುತ್ತಿದ್ದಳು. ಕೈಯಿಂದ ಕೈಗೆ ಬಾರದ ಅನುಮತಿ ಯಾರ ಹೊಟ್ಟೆಯನ್ನೂ ತುಂಬುವುದಿಲ್ಲ.

ಪಿತೃಪಕ್ಷ ಬಂತು. ಆ ದಿನಗಳಲ್ಲಿ ಪುರೋಹಿತರು ಒಬ್ಬರೇ, ಮನೆಗಳು ಹಲವು. ಆ ದಿನ ಚಿಕ್ಕಮ್ಮ ದೊಡ್ಮನೆ ಕಡೆಯ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು, ಸಿದ್ದಾಪುರ ತಾಲೂಕಿನ ಒಂದು ಮನೆಗೆ ಹೋದಳು. ಪುರೋಹಿತರು ಮೊದಲು ಯಲ್ಲಾಪುರದಾಚೆ ಕಿರವತ್ತಿ ಕಡೆ ಒಂದು ತಿಥಿ ಮುಗಿಸಿ, ಹೆದ್ದಾರಿಯಲ್ಲಿ ಲಾರಿಗಳ ನಡುವೆ ಬೈಕು ಓಡಿಸಿಕೊಂಡು ಬರಬೇಕಿತ್ತು. “ಸ್ವಲ್ಪ ತಡ ಆಗ್ತು” ಎಂದು ಫೋನು ಮಾಡಿದರು. ಮನೆಯವರಿಗೆ ತಿಳಿಸಿದರು. ಒಲೆಯ ಮುಂದೆ ಹಸಿದು ಕುಳಿತವಳಿಗೆ ತಿಳಿಸಬೇಕೆಂದು ಅವರಿಗೂ ಹೊಳೆಯಲಿಲ್ಲ, ಮನೆಯವರಿಗೂ ಹೊಳೆಯಲಿಲ್ಲ.

ಮುಂದಿನದನ್ನು ನನಗೆ ಹೇಳಿದವರು ಇಬ್ಬರು: ಆ ಮನೆಯ ಯಜಮಾನಿ, ಮತ್ತು ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ತಂದುಕೊಟ್ಟು ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದ ಶಿರಸಿಯ ಸಾಬರು.

ಯಜಮಾನಿ ಅಳುತ್ತಲೇ ಹೇಳಿದರು, “ಆನು ಮರೆಯದೇ ಕೇಳಿದ್ದೆ, ‘ಮಾತ್ರೆ ತಗಂಡ್ಯನೇ?’ ಹೇಳಿ. ಆನೇ ಮೇಲಿಂದ ಕೈಗೆ ನೀರು ಹೊಯ್ದೆ, ಮುಟ್ಟದೇ.” ನಾನು ಈವರೆಗೆ ಕೇಳಿದ ಮಾತುಗಳಲ್ಲಿ ಇದಕ್ಕಿಂತ ಮನಸ್ಸು ಹಿಂಡಿದ ಮಾತು ಇನ್ನೊಂದಿಲ್ಲ. ಅವರು ಕಾಳಜಿಯಿಂದಲೇ ಹಾಗೆ ಮಾಡಿದರು. ನಮ್ಮವರು ಮಾತ್ರ ಮಾಡಬಲ್ಲ ತಪ್ಪು ಇದು. ಸಕ್ಕರೆ ಇಳಿಸುವ ಮಾತ್ರೆಯನ್ನು ಶ್ರದ್ಧೆಯಿಂದ ನುಂಗಿಸಿದರು, ಸಕ್ಕರೆ ಕಾಯುವ ಒಂದು ಬಟ್ಟಲು ಗಂಜಿಯನ್ನು ಅದೇ ಶ್ರದ್ಧೆಯಿಂದ ತಪ್ಪಿಸಿದರು.

ಬಿಸಿಲು ಏರಿತು. ಚಿಕ್ಕಮ್ಮ ಬೆವರಿದಳು. ಒಲೆಯ ಶಾಖ ಎಂದುಕೊಂಡರು. ಅವಳ ಕೈಯಿಂದ ಸೌಟು ಜಾರಿತು. ವಯಸ್ಸಾಯಿತು ಎಂದುಕೊಂಡರು. ವಡೆಯ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿ, ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡಿದಳು. ಆಗ ಒಬ್ಬರು, ಪಿತೃಗಳಿಗೆ ಏನೋ ಅಸಮಾಧಾನವಾಗಿದೆ ಎಂದರಂತೆ. ಅವಳು ಒರಗಿದಳು. ಮಡಿಯಲ್ಲಿದ್ದವಳನ್ನು ಮಡಿಯಲ್ಲಿಲ್ಲದವರು ಮುಟ್ಟುವುದು ಹೇಗೆ? ಮುಟ್ಟಿದರೆ ಇಷ್ಟು ಅಡುಗೆಯ ಗತಿ ಏನು? ಅಷ್ಟು ಹೊತ್ತಿಗೆ ಪುರೋಹಿತರ ಬೈಕು ಅಂಗಳಕ್ಕೆ ಬಂತು. “ಸುಸ್ತಾಯ್ದು, ಮಲಗಲಿ” ಎಂದು ತೀರ್ಮಾನವಾಯಿತು. ಹೋಮ ಮೊದಲಾಯಿತು.

ಎಲೆ ಎತ್ತಿದ ಮೇಲೆ ಖಾಲಿ ಪಾತ್ರೆ ಒಯ್ಯಲೆಂದು ಹಿಂಬಾಗಿಲಿಗೆ ಬಂದ ಸಾಬರು ಕಿಟಕಿಯಿಂದ ಕಂಡರು. ಅವರು ನನಗೆ ಆಸ್ಪತ್ರೆಯ ಅಂಗಳದಲ್ಲಿ ಹೇಳಿದ್ದು ಇಷ್ಟು: “ಅಕ್ಕಾ ಅಕ್ಕಾ ಅಂತ ಕರ್ದೆ, ಏಳ್ಲಿಲ್ಲ. ಒಳಗ್ ಬರ್ಬೇಡ ಅಂದ್ರು. ನಂದೇನ್ ಮಡಿ ಕೆಡ್ತದೆ ಮೇಡಂ? ಬಾಗ್ಲು ತೆಗೀರಿ ಅಂದೆ, ಎತ್ಕೊಂಡೆ. ಮೈಯೆಲ್ಲಾ ಠಂಡಾ ಆಗಿತ್ತು.” ಗಾಡಿಯಲ್ಲಿದ್ದ ತಟ್ಟೆಗಳನ್ನು ಸರಿಸಿ, ಪಾತ್ರೆಗಳ ನಡುವೆ ಅವಳನ್ನು ಮಲಗಿಸಿ, ಶಿರಸಿಗೆ ಗಾಡಿ ಓಡಿಸಿದ್ದರು.

ಆಸ್ಪತ್ರೆಯವರು ಮಾಡಬೇಕಾದುದನ್ನೆಲ್ಲ ಮಾಡಿದರು. ರಕ್ತದಲ್ಲಿ ಸಕ್ಕರೆ ಬಹಳ ಹೊತ್ತು ತಳ ಹಿಡಿದಿತ್ತು, ಮಿದುಳಿಗೆ ಪೆಟ್ಟಾಗಿದೆ, ಜೀವ ಉಳಿದಿದೆ ಎಂದರು. ಉಳಿದದ್ದು ಜೀವ ಮಾತ್ರ. ನನ್ನನ್ನು ಕೂಸೇ ಎಂದು ಕರೆಯುವ ಚಿಕ್ಕಮ್ಮ ಆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಅವಳ ಡಬ್ಬಿಗಳನ್ನು ನಾನು ಈಗಲೂ ತುಂಬುತ್ತೇನೆ. ಗೋದಿ ನುಚ್ಚು ಹುರಿಯುವಾಗ ಘಮ ಏರಿದರೆ ಅವಳು ಒಮ್ಮೊಮ್ಮೆ ಒಲೆಯ ಕಡೆ ತಿರುಗುತ್ತಾಳೆ. ಕೈ ಎತ್ತುತ್ತಾಳೆ, ಬೆಂಕಿ ಸಣ್ಣ ಮಾಡು ಎನ್ನುವ ಹಾಗೆ. ನಾನು ಬೆಂಕಿ ಸಣ್ಣ ಮಾಡುತ್ತೇನೆ. ಕೈ ಮಡಿಲಿಗೆ ಇಳಿಯುತ್ತದೆ. ಒಂದು ಬೆಳಿಗ್ಗೆ ನಾನು ಗಂಜಿಯ ಬಟ್ಟಲು ತಂದಾಗ ಅವಳು ತುಟಿ ಬಿಗಿದು ಮುಖ ತಿರುಗಿಸಿದಳು. ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ ತೊದಲಿದಳು, “ಎಲ್ಲರದ್ದೂ ಊಟ ಆತಾ?”

ಎಲ್ಲವೂ ಅಳಿಸಿಹೋದ ಆ ತಲೆಯಲ್ಲಿ ಈ ಒಂದು ನಿಯಮ ಉಳಿದುಕೊಂಡಿತ್ತು. “ಆತು ಚಿಕ್ಕಮ್ಮಾ, ಎಲ್ಲರದ್ದೂ ಆತು” ಎಂದೆ. ಆಮೇಲೆ ಬಾಯಿ ತೆರೆದಳು. ಅಂದಿನಿಂದ ದಿನವೂ ಮೊದಲು ಈ ಮಾತು ಹೇಳಿ, ಆಮೇಲೆ ಚಮಚ ಎತ್ತುತ್ತೇನೆ.

ಆ ಪಿತೃಪಕ್ಷದ ಮನೆಯವರು ಹಣ್ಣು ತಂದು ನೋಡಿಹೋದರು. ಪುರೋಹಿತರು ಮೃತ್ಯುಂಜಯ ಜಪ ಮಾಡಿಸಲು ಹೇಳಿದರು. ಈ ವರ್ಷವೂ ಪಿತೃಪಕ್ಷ ಬರುತ್ತದೆ. ಶಿರಸಿಯಿಂದ ಮೊದಲ ಬಸ್ಸು ಹತ್ತುವ ಬೇರೆ ಯಾರದೋ ಚಿಕ್ಕಮ್ಮನ ಚೀಲದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇರುತ್ತದೆ. ನನಗೆ ನಿಮ್ಮ ಹಣ್ಣೂ ಬೇಡ, ಜಪವೂ ಬೇಡ.

ಪುರೋಹಿತರೇ, ತಿಥಿಗೆ ಏನೇನು ಸಿದ್ಧವಿರಬೇಕೆಂದು ಹಿಂದಿನ ದಿನ ನೀವು ಮನೆಮನೆಗೆ ಫೋನು ಮಾಡುತ್ತೀರಿ. ಎಳ್ಳು, ದರ್ಭೆಗಳಿಗಿಂತ ಮೊದಲು ಈ ಮಾತನ್ನು ನಿಮ್ಮ ಬಾಯಿಂದಲೇ ಹೇಳಿ: ಅಡುಗೆಯವಳು ಬಿಸಿ ಗಂಜಿ ಉಂಡು ಆಮೇಲೆ ಮೀಯಲಿ, ಆಮೇಲೆ ಮಡಿ ಉಡಲಿ, ಇದರಿಂದ ದೋಷವಿಲ್ಲ. ನೀವು ತಡವಾಗಿ ಬರುವುದಾದರೆ ಅವಳು ಇನ್ನೊಮ್ಮೆ ಉಣ್ಣಲಿ ಎಂದೂ ಹೇಳಿ. ತಿಥಿ ಮಾಡಿಸುವ ಮನೆಯವರೇ, ಅವಳು ಕೇಳುವವರೆಗೆ ಕಾಯಬೇಡಿ. ಆ ಗಂಜಿಯನ್ನು ನೀವೇ ಕಾಸಿ, ಬಟ್ಟಲನ್ನು ಮೇಲಿನಿಂದ ಬಿಡದೆ ಅವಳ ಕೈಗೆ ಮುಟ್ಟಿಸಿ ಕೊಡಿ. ಅವಳು ಉಂಡು ಬಟ್ಟಲು ತೊಳೆದಿಟ್ಟ ಮೇಲೆಯೇ ನಿಮ್ಮ ಮನೆಯ ಒಲೆಯ ಮೇಲೆ ತಿಥಿಯ ಪಾತ್ರೆ ಏರಲಿ.