ಒಂದು ಬೆರಳಿನ ಸಡಿಲ

ಬಲಗಿವಿಯ ಮೇಲೆ ಹುಣಸೆಬೀಜದಷ್ಟು ಜಾಗ ಕೂದಲಿಲ್ಲದೆ ನುಣ್ಣಗೆ ಹೊಳೆಯುತ್ತಿತ್ತು. ಕಾನ್ವೆಂಟಿನ ಹೊಲಿಗೆ ಸಿಸ್ಟರ್ ಅವರ ತಲೆಯ ಆ ಗುರುತನ್ನು ಕಂಡ ಹೊರಗಿನವಳು ಬಹುಶಃ ನಾನೊಬ್ಬಳೇ.

ಮದುವೆಯಾಗಿ ಶಿವಾಜಿನಗರದಿಂದ ಫ್ರೇಜರ್ ಟೌನಿಗೆ ಬಂದ ಹೊಸತರಲ್ಲಿ ಅವರ ಬಳಿ ಹೊಲಿಗೆಗೆ ಸೇರಿದೆ. ಕೊರಳಲ್ಲಿ ಶಿಲುಬೆ, ಅದರ ಜೊತೆಗೇ ತೂಗುವ ಅಳತೆ ಟೇಪು. ಅಜಾನ್ ಕೇಳಿದರೆ ನನಗಿಂತ ಮೊದಲು ಅವರೇ, "ಏಳಮ್ಮಾ, ನಿನ್ನ ನಮಾಜಿನ ಹೊತ್ತಾಯ್ತು. ನನಗೋಸ್ಕರಾನೂ ಒಂದು ಮಾತು ಬೇಡ್ಕೋ," ಎನ್ನುತ್ತಿದ್ದರು. ಹೊಲಿಗೆ ಬಿಗಿಯಾದರೆ ಮಾತ್ರ ರೇಗುತ್ತಿದ್ದರು: "ದಾರ ಎಳೆದ್ರೆ ಬಟ್ಟೆ ಮುಖ ಗಂಟಿಕ್ಕುತ್ತೆ!"

ಆಗ ನನ್ನ ಹಣೆಯಂಚಿನ ಕೂದಲು ಉದುರುತ್ತಿತ್ತು. ಬೋಳಾದದ್ದು ಕಾಣಬಾರದೆಂದು ಸ್ಕಾರ್ಫಿನೊಳಗಿನ ಟೋಪಿಯನ್ನು ಇನ್ನಷ್ಟು ಎಳೆದು, ಇನ್ನೆರಡು ಪಿನ್ನು ಚುಚ್ಚುತ್ತಿದ್ದೆ. ಸ್ಕಾರ್ಫ್ ಬಿಟ್ಟರೆ ಕೂದಲು ಉಳಿದೀತು ಎಂದಿದ್ದಳು ನಾದಿನಿ. ಬಿಡಲು ನನಗೆ ಮನಸ್ಸಿಲ್ಲ, ಬೋಳಾಗಲೂ ಮನಸ್ಸಿಲ್ಲ.

ಒಂದು ದಿನ ಸಿಸ್ಟರ್ ನನ್ನ ಹಣೆಯ ಕೆಂಪು ಗೆರೆ ನೋಡಿದರು. "ಯಾಕಮ್ಮಾ ಇಷ್ಟು ಬಿಗಿ? ತಲೆ ಓಡಿಹೋಗುತ್ತಾ?"

"ಕೂದಲು ಹೋಗ್ತಿದೆ ಸಿಸ್ಟರ್. ಅದು ಕಾಣಬಾರ್ದು ಅಂತ..."

"ಉದುರಿಸ್ತಿರೋದೇ ಈ ಬಿಗಿ ಕಣೇ, ಪೆದ್ದಿ!"

ಬಾಗಿಲು ಹಾಕಿ ಬಂದು ತಮ್ಮ ಶಿರವಸ್ತ್ರ ತೆಗೆದರು. "ನೋಡು. ಚಿಕ್ಕ ವಯಸ್ಸಿಂದ ಒಂದೇ ಜಾಗಕ್ಕೆ ಕ್ಲಿಪ್ಪು. ನನಗೆ ಹೇಳೋರು ಇರ್ಲಿಲ್ಲ. ದೇವರು ಮುಚ್ಕೋ ಅಂದ, ಬಿಗಿ ಅಂದನಾ?"

ಮೆತ್ತನೆಯ ಹಳೇ ಬಟ್ಟೆಯಲ್ಲಿ ಎಲಾಸ್ಟಿಕ್ ಇಲ್ಲದ ಟೋಪಿಯನ್ನು ನನ್ನ ಕೈಯಿಂದಲೇ ಹೊಲಿಸಿದರು. ಒದ್ದೆ ಕೂದಲ ಮೇಲೆ ಕಟ್ಟಬೇಡ, ಪಿನ್ನಿನ ಜಾಗ ಬದಲಿಸುತ್ತಿರು ಎಂದರು. ಆಮೇಲೆ ದಿನವೂ ನನ್ನ ಸ್ಕಾರ್ಫಿನ ಅಂಚಿನೊಳಗೆ ಬೆರಳು ತೂರಿಸಿ ಪರೀಕ್ಷೆ. "ಒಂದು ಬೆರಳು ಹೋಗ್ಬೇಕು. ಆಗ ಪಾಸು."

ಎಡಗಡೆ ಕೂದಲು ಮರಳಿ ಬಂತು, ಬಲಗಡೆ ಅಷ್ಟಕ್ಕಷ್ಟೇ. ಅಲ್ಹಮ್ದುಲಿಲ್ಲಾಹ್, ಸ್ಕಾರ್ಫೂ ಉಳಿಯಿತು. ಮಗಳು ಮೊದಲ ಸಲ ಕಟ್ಟಿಕೊಂಡಾಗ ನಾನೂ ಬೆರಳು ತೂರಿಸಿಯೇ ಕಳಿಸಿದೆ. "ಅಮ್ಮೀ, ನೀನೇನು ಇನ್‌ಸ್ಪೆಕ್ಟರಾ?" ಎಂದಳು. ಹೌದು ಎಂದೆ.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಕಾನ್ವೆಂಟಿನ ಹಾಲ್‌ನಲ್ಲಿ ಮಲಗಿಸಿದ್ದರು. ಶಿರವಸ್ತ್ರ ಹಣೆಗೆ ಅಂಟಿದಂತೆ ಬಿಗಿದಿತ್ತು. ಕ್ಲಿಪ್ಪು ಅದೇ ಬಲಗಿವಿಯ ಮೇಲೆ. ಪಕ್ಕದಲ್ಲಿದ್ದ ಕಿರಿಯ ಸಿಸ್ಟರ್‌ಗೆ, "ಸ್ವಲ್ಪ ಸಡಿಲ ಮಾಡ್ತೀರಾ? ಕ್ಲಿಪ್ಪು ಬೇರೆ ಕಡೆ ಹಾಕಿ," ಎಂದೆ.

"ಈಗ ಅವರಿಗೆ ಗೊತ್ತಾಗುತ್ತಾ ಅಕ್ಕಾ?"

"ನನಗೆ ಗೊತ್ತಾಗುತ್ತೆ."

ಅವರು ಬಿಚ್ಚಿ ಮತ್ತೆ ಕಟ್ಟಿದರು. ನಾನು ಬಗ್ಗಿ, ಅಂಚಿನೊಳಗೆ ಬೆರಳು ತೂರಿಸಿದೆ. ಸಲೀಸಾಗಿ ಹೋಯಿತು.