ಗೆದ್ದದ್ದಕ್ಕೆ ಕೇಳಿದ ಮುಂಗಡ

ಬೆಟಗೇರಿಯ ನಮ್ಮ ಮನೆಯಲ್ಲಿ ನಾನೂ ತಮ್ಮನೂ ಎದುರುಬದುರಿನ ಮಗ್ಗಗಳಲ್ಲಿ ಸೀರೆ ನೇಯುತ್ತೇವೆ. ಹೋದ ವರ್ಷ ಅವನು ಮೊಬೈಲಿನ ಜೂಜಿನಲ್ಲಿ ದೊಡ್ಡ ಮೊತ್ತ ಗೆದ್ದ. ಅದು ಕೈಸೇರಬೇಕಾದರೆ ಮೊದಲು ತೆರಿಗೆ ಕಳಿಸು ಎಂದು ಆಟ ನಡೆಸುವವರು ಕೇಳಿದರು. ಹೆಂಡತಿಯ ಬೆಂಡೋಲೆ ಒತ್ತೆಯಿಡಲು ಅವನು ಹೊರಟಾಗ ನನಗೆ ಸಂಶಯ ಬಂತು.

"ಲೇ, ನೂಲು ಕೊಡೋ ಸಾವಕಾರ ಎಷ್ಟ ಜಿಪುಣ ಇದ್ರೂ ಮಜೂರಿಯೊಳಗ ಮುರ್ಕೊಂತಾನ. ಮಜೂರಿ ಕೊಡಾಕ ನಿನ್ನ ಕಡೆನ ಮೊದಲ ರೊಕ್ಕ ಕೇಳ್ಯಾನೇನು?" ಎಂದೆ.

"ಅಣ್ಣಾ, ನೀ ಐದನೇತ್ತ ಸುದ್ದಾ ಮುಗಿಸಿಲ್ಲ. ಇದು ಕಂಪ್ಯೂಟರ್ ಲೆಕ್ಕ ಐತಿ," ಎಂದ.

ಶಾಲೆ ಬಿಟ್ಟಿರಬಹುದು, ಆದರೆ ದುಡಿದ ಕೂಲಿಯಲ್ಲಿ ನಾನು ಯಾರಿಂದಲೂ ಮೋಸಹೋದವನಲ್ಲ. ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗದಗಿನ ಪೊಲೀಸ್ ಠಾಣೆಗೆ ಹೋದೆ. ಹವಾಲ್ದಾರರು ಮೊಬೈಲ್ ನೋಡಿ ದೂರು ಬರೆದುಕೊಂಡರು.

"ಇದು ಕಾಯ್ದೆ ಮುರದು ನಡಸೋ ಆಟ ಐತ್ರಿ. ಗೆದ್ದದ್ದು ಬರೇ ತೋರ್ಸಾಕ. ಇನ್ನ ಒಂದು ಪೈಸೆ ಕಳಸಬ್ಯಾಡ್ರಿ. ಅವರ ಖಾತೆ ಬಂದ್ ಮಾಡಾಕ ನಾವು ಬ್ಯಾಂಕಿಗೆ ಬರೀತೀವಿ," ಎಂದರು.

ಬೆಂಡೋಲೆ ಉಳಿಯಿತು. ತಮ್ಮನಿಗೆ ಮಾತ್ರ ನನ್ನ ಮೇಲೆಯೇ ಸಂಶಯ ಹುಟ್ಟಿತು.

"ನನ್ನ ಹೆಸರಿಗೆ ಬಂದ ರೊಕ್ಕ, ನೀ ಪೊಲೀಸರ ಕೂಡಿ ತಡದಿ," ಎನ್ನುತ್ತಾನೆ.

ಈಗಲೂ ನಾನು ಮಗ್ಗ ನಿಲ್ಲಿಸಿ ಎದ್ದರೆ ಅವನು ಮೊಬೈಲನ್ನು ಬೋರಲು ಹಾಕುತ್ತಾನೆ. ಯಾರ ಮೆಸೇಜು ಎಂದು ಕೇಳಿದರೆ ಯಾರದೂ ಇಲ್ಲ ಎನ್ನುತ್ತಾನೆ. ನಾನು ನಂಬುವುದಿಲ್ಲ.